ಕ್ಯಾಮೆರಾ ಹಾಕಲು ಕಾರಣ ಕೇಳುತ್ತಿದ್ದ ದೇಶ

ಬೆಂಗಳೂರಿನ ಯಾವ ದರ್ಶಿನಿಗೆ ಹೋದರೂ ಗಲ್ಲಾಪೆಟ್ಟಿಗೆಯ ಹತ್ತಿರ ‘ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ’ ಎಂಬ ಬರಹ ಕಣ್ಣಿಗೆ ಬೀಳುತ್ತದೆ. ದೇವಸ್ಥಾನದ ಹುಂಡಿಯ ಬಳಿ, ಕಾಲೇಜಿನ ಮೆಟ್ಟಿಲ ಪಕ್ಕ, ಬಡಾವಣೆಯ ಗೇಟಿನಲ್ಲಿ ಅದೇ ಬರಹ. ಓದಿ ಮುಂದೆ ಹೋಗುತ್ತೇವೆ. ಇದು ಇಲ್ಲಿ ಏಕಿದೆ, ಹಾಕಲು ಯಾರಾದರೂ ಅನುಮತಿ ಕೊಟ್ಟರೇ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಈ ಪ್ರಶ್ನೆಯನ್ನು ಕಾನೂನಿನ ಮೂಲಕ ಸುಮಾರು ಅರ್ಧ ಶತಮಾನ ಕೇಳುತ್ತಾ ಬಂದ ದೇಶ ಸ್ವೀಡನ್. 2025ರಲ್ಲಿ ಅದೂ ಪರವಾನಗಿಯನ್ನು ಕೈಬಿಟ್ಟಿತು. ಆ ಪರವಾನಗಿ ಹುಟ್ಟಿ, ಸವೆದು, ಇಲ್ಲವಾದ ಬಗೆಯನ್ನು ಗಮನಿಸಿದರೆ ನಮ್ಮ ಊರಿನ ಕ್ಯಾಮೆರಾಗಳ ಕುರಿತೂ ಒಂದಿಷ್ಟು ತಿಳಿಯುತ್ತದೆ.

ಸ್ವೀಡನ್ನಿನ ಆಡಳಿತದಲ್ಲಿ ಒಂದು ಹಳೆಯ ಪದ್ಧತಿಯಿದೆ. 1766ರ ಮುದ್ರಣ ಸ್ವಾತಂತ್ರ್ಯ ಕಾಯ್ದೆಯ ಕಾಲದಿಂದ ಅಲ್ಲಿ ಸರ್ಕಾರಿ ಕಡತಗಳನ್ನು ಜನ ಕೇಳಿ ಓದಬಹುದು. ಸರ್ಕಾರವನ್ನು ಜನ ನೋಡಬೇಕು ಎಂಬುದು ಅಲ್ಲಿ ಎರಡೂವರೆ ಶತಮಾನದಷ್ಟು ಹಳೆಯ ಮಾತು. ಕಂಪ್ಯೂಟರ್ ಬಂದ ಮೇಲೆ ಇದರ ಇನ್ನೊಂದು ಮಗ್ಗುಲು ಎದುರಾಯಿತು. 1970ರ ಜನಗಣತಿಯ ಹೊತ್ತಿಗೆ, ಸರ್ಕಾರ ನಮ್ಮನ್ನು ಎಷ್ಟು ನೋಡಬಹುದು ಎಂಬ ಚರ್ಚೆ ಬಿಸಿಯೇರಿತ್ತು. ಅದರ ಫಲವಾಗಿ 1973ರಲ್ಲಿ ದತ್ತಾಂಶ ಕಾಯ್ದೆ ಬಂತು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಇಡೀ ದೇಶಕ್ಕೆ ಅನ್ವಯವಾಗುವಂತೆ ಮಾಡಿದ ಕಾನೂನುಗಳಲ್ಲಿ ಜಗತ್ತಿಗೇ ಅದು ಮೊದಲನೆಯದು.

ನಾಲ್ಕು ವರ್ಷಗಳ ನಂತರ, 1977ರಲ್ಲಿ, ಟಿವಿ ಕಣ್ಗಾವಲಿಗೆಂದೇ ಪ್ರತ್ಯೇಕ ಕಾಯ್ದೆ ಬಂತು. ಅಂದಿನ ಕ್ಯಾಮೆರಾ ಇಂದಿನಂತೆ ಅಂಗೈಯಲ್ಲಿ ಹಿಡಿಯುವಂಥದ್ದಲ್ಲ. ಗೋಡೆಗೆ ಬಿಗಿದ ದಪ್ಪ ಪೆಟ್ಟಿಗೆ, ಅದರಿಂದ ಇನ್ನೊಂದು ಕೋಣೆಯ ಪರದೆಗೆ ಎಳೆದ ತಂತಿ. ಆ ಕಾಲದಲ್ಲೇ ಶಾಸಕರು ಒಂದು ನಿಯಮ ಮಾಡಿಟ್ಟರು. ಸಾರ್ವಜನಿಕರು ಓಡಾಡುವ ಜಾಗದತ್ತ ಕ್ಯಾಮೆರಾ ತಿರುಗಿಸಬೇಕಾದರೆ ಸ್ಥಳೀಯ ಜಿಲ್ಲಾಡಳಿತ ಮಂಡಳಿಯಿಂದ ಮೊದಲು ಪರವಾನಗಿ ಪಡೆಯಬೇಕು.

1990 ಮತ್ತು 1998ರಲ್ಲಿ ಈ ಕಾನೂನನ್ನು ಹೊಸದಾಗಿ ಬರೆಯಲಾಯಿತು. ಅರ್ಜಿಯ ಮುಂದೆ ಕುಳಿತ ಅಧಿಕಾರಿಯ ಕೆಲಸ ತಕ್ಕಡಿ ಹಿಡಿಯುವುದು. ಒಂದು ತಟ್ಟೆಯಲ್ಲಿ ಕಳ್ಳತನ, ಹಲ್ಲೆ, ಅಪಘಾತಗಳ ಭಯ. ಇನ್ನೊಂದರಲ್ಲಿ ಆ ದಾರಿಯಲ್ಲಿ ಸುಮ್ಮನೆ ನಡೆದುಹೋಗುವವನ ಖಾಸಗಿತನ. ಪರವಾನಗಿ ಸಿಕ್ಕರೂ ಅದಕ್ಕೆ ಷರತ್ತು ಹಾಕಬಹುದಿತ್ತು: ಯಾವ ಭಾಗವನ್ನು ನೋಡಬಹುದು, ಯಾವ ಹೊತ್ತಿನಲ್ಲಿ ನೋಡಬಹುದು, ಚಿತ್ರವನ್ನು ಎಷ್ಟು ದಿನ ಇಡಬಹುದು, ಧ್ವನಿಯನ್ನು ಹಿಡಿಯಬಹುದೇ. ತೀರ್ಮಾನಕ್ಕೆ ಮುನ್ನ ಆ ಊರಿನ ಪೌರಾಡಳಿತಕ್ಕೆ ಅಭಿಪ್ರಾಯ ಹೇಳುವ ಅವಕಾಶವಿತ್ತು. ಬ್ಯಾಂಕು, ಅಂಚೆ ಕಚೇರಿಗಳಿಗೆ ತುಸು ಸಡಿಲ: ಮುಂಚಿತವಾಗಿ ತಿಳಿಸಿದರೆ ಸಾಕು. ಅಂಗಡಿಗಳಿಗೂ ಆ ಸಡಿಲಿಕೆ ಸಿಗುತ್ತಿತ್ತು. ಆದರೆ ಅದಕ್ಕೆ ಅಂಗಡಿಯ ಕೆಲಸಗಾರರ ಪ್ರತಿನಿಧಿಯೊಡನೆ ಲಿಖಿತ ಒಪ್ಪಂದ ಆಗಿರಬೇಕಿತ್ತು. ದಿನವಿಡೀ ಕ್ಯಾಮೆರಾದ ಕೆಳಗೆ ನಿಲ್ಲುವವರು ಗಿರಾಕಿಗಳಲ್ಲ, ಕೆಲಸದವರು ಎಂಬುದನ್ನು ಆ ಕಾನೂನು ಮರೆತಿರಲಿಲ್ಲ.

ಹಳೆಯ ಪದ್ಧತಿ ಇಲ್ಲಿ ಕೆಲಸಕ್ಕೆ ಬಂತು. ಪರವಾನಗಿ ಸರ್ಕಾರಿ ಕಡತವಾದ್ದರಿಂದ, ಗೌಪ್ಯವಾಗಿಡಬೇಕಾದ ವಿವರಗಳನ್ನು ಬಿಟ್ಟರೆ ಉಳಿದದ್ದನ್ನು ಯಾರು ಬೇಕಾದರೂ ಕೇಳಿ ಓದಬಹುದಿತ್ತು. ನಮ್ಮನ್ನು ನೋಡುವವರು ಅದಕ್ಕೆ ಕೊಟ್ಟ ಕಾರಣವನ್ನು ನಾವೂ ನೋಡಬಹುದಿತ್ತು.

ವ್ಯವಸ್ಥೆ ಸವೆಯತೊಡಗಿದ್ದು ಕ್ಯಾಮೆರಾ ಅಗ್ಗವಾಗಿ, ಎಲ್ಲೆಂದರಲ್ಲಿ ಸಿಗುವಂತಾದ ಮೇಲೆ. 2016ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ವೋಚ್ಚ ಆಡಳಿತ ನ್ಯಾಯಾಲಯದ ಮುಂದೆ ಎರಡು ಬಗೆಯ ಪ್ರಶ್ನೆಗಳು ಬಂದವು. ವಾಹನಕ್ಕೆ ಸಿಕ್ಕಿಸಿದ ಕ್ಯಾಮೆರಾಕ್ಕೆ ಪರವಾನಗಿ ಬೇಡ, ಏಕೆಂದರೆ ಅದನ್ನು ನಡೆಸುವವನು ಅಲ್ಲೇ ಕುಳಿತಿರುತ್ತಾನೆ ಎಂದಿತು ನ್ಯಾಯಾಲಯ. ಡ್ರೋನ್‌ಗೆ ಬೇಕು, ಏಕೆಂದರೆ ಅದನ್ನು ಹಾರಿಸುವವನು ದೂರದಲ್ಲಿರುತ್ತಾನೆ. ಟಿವಿ ಪೆಟ್ಟಿಗೆಯ ಕಾಲದ ವ್ಯಾಖ್ಯೆಯನ್ನು ಹಾರುವ ಯಂತ್ರಕ್ಕೆ ಹೊಂದಿಸಿದರೆ ಹೀಗೆಯೇ ಆಗುತ್ತದೆ. ಮದುವೆಯ ಚಿತ್ರ ತೆಗೆಯುವವರಿಂದ ಹಿಡಿದು ಹೊಲ ನೋಡುವವರವರೆಗೆ ಡ್ರೋನ್ ಇಟ್ಟುಕೊಂಡವರೆಲ್ಲ ಪೇಚಿಗೆ ಸಿಲುಕಿದರು. 2017ರ ಆಗಸ್ಟ್‌ನಲ್ಲಿ ಖಾಸಗಿಯವರ ಡ್ರೋನ್‌ಗಳನ್ನು ಈ ಕಾನೂನಿನಿಂದ ಹೊರಗಿಡಲಾಯಿತು.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. 2018ರ ಹೊಸ ಕಾಯ್ದೆ ಖಾಸಗಿ ವ್ಯಾಪಾರಿಗಳನ್ನು ಪರವಾನಗಿಯಿಂದ ಬಿಡಿಸಿತು. ಸರ್ಕಾರಿ ಸಂಸ್ಥೆಗಳು ಮತ್ತು ಶಾಲೆ, ಆಸ್ಪತ್ರೆಗಳಂತಹ ಸಾರ್ವಜನಿಕ ಸೇವೆ ನಡೆಸುವವರು ಮಾತ್ರ ಉಳಿದರು. ಅರ್ಜಿಗಳೂ ಜಿಲ್ಲೆಗಳ ಕೈಬಿಟ್ಟು ರಾಷ್ಟ್ರಮಟ್ಟದ ದತ್ತಾಂಶ ಪ್ರಾಧಿಕಾರದ ಮುಂದೆ ಹೋದವು. 2020ರಲ್ಲಿ ಪೊಲೀಸರಿಗೆ ವಿನಾಯಿತಿ ಸಿಕ್ಕಿತು. ಗ್ಯಾಂಗುಗಳ ಗುಂಡಿನ ಕಾಳಗ, ಬಾಂಬ್ ಸ್ಫೋಟಗಳು ಆ ದೇಶದ ರಾಜಕೀಯವನ್ನೇ ಬದಲಿಸಿದ್ದ ಕಾಲವದು. ಜನ ಭಯದಲ್ಲಿರುವಾಗ ಅರ್ಜಿ ಹಾಕಿ ಕಾಯಬೇಕೇ ಎಂಬ ಮಾತಿಗೆ ಎದುರು ಹೇಳುವುದು ಕಷ್ಟವಾಯಿತು. 2025ರ ಏಪ್ರಿಲ್ 1ರಂದು ಪರವಾನಗಿಯ ಷರತ್ತು ಪೂರ್ತಿ ರದ್ದಾಯಿತು. ಕ್ಯಾಮೆರಾ ಹಾಕುವ ಸಂಸ್ಥೆ ತನ್ನ ಕಾರಣಗಳನ್ನು ತೂಗಿ ತಾನೇ ಬರೆದಿಡಬೇಕು ಎಂಬ ನಿಯಮ ಉಳಿಯಿತು. ಪ್ರಶ್ನೆ ಹಾಗೇ ಇದೆ. ಕೇಳುವವರು ಮತ್ತು ಉತ್ತರಿಸುವವರು ಈಗ ಒಬ್ಬರೇ.

ಇನ್ನು ನಮ್ಮ ಕಡೆಯ ಕಥೆ. 2013ರ ನವೆಂಬರ್‌ನಲ್ಲಿ ಬೆಂಗಳೂರಿನ ಎಟಿಎಂ ಒಂದರಲ್ಲಿ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ನಡೆದ ಹಲ್ಲೆಯನ್ನು ನಾಡಿನ ಜನ ಸಿಸಿಟಿವಿ ದೃಶ್ಯದಲ್ಲಿ ಕಂಡರು. ಆರೋಪಿಯ ಮುಖ ಅಷ್ಟು ಸ್ಪಷ್ಟವಾಗಿದ್ದರೂ ಆತ ಸಿಕ್ಕಿಬೀಳಲು ಮೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಆದರೂ ಇಂಥ ಘಟನೆಗಳ ನಂತರ ಎದ್ದ ಕೂಗು ಒಂದೇ: ಕ್ಯಾಮೆರಾ ಹೆಚ್ಚಬೇಕು. ಆ ಕೂಗಿನಲ್ಲಿ ನ್ಯಾಯವಾದ ಭಯವಿತ್ತು; ಅದನ್ನು ಹಗುರವಾಗಿ ಕಾಣುವಂತಿಲ್ಲ.

ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳ) ಜಾರಿ ಅಧಿನಿಯಮ ಬಂದದ್ದು 2017ರಲ್ಲಿ. ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಅಂಗಡಿ, ಆಸ್ಪತ್ರೆ, ಶಾಲೆ, ಧಾರ್ಮಿಕ ಸ್ಥಳಗಳು ಕ್ಯಾಮೆರಾ ಹಾಕಲೇಬೇಕು, ದೃಶ್ಯವನ್ನು 30 ದಿನ ಇಡಬೇಕು, ಪೊಲೀಸರು ಕೇಳಿದರೆ ಕೊಡಬೇಕು. ತಪ್ಪಿದರೆ ದಂಡ. ಸ್ವೀಡನ್ನಿನಲ್ಲಿ ನೋಡುವವನು ಕಾರಣ ಹೇಳಬೇಕಿತ್ತು. ಇಲ್ಲಿ ನೋಡದೆ ಇರುವವನು ಹೇಳಬೇಕಾಯಿತು.

ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಸರ್ಕಾರ ಖಾಸಗಿತನದೊಳಗೆ ಕೈಹಾಕಬೇಕಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈಹಾಕಬೇಕು ಎಂಬ ಅಳತೆಗೋಲು ಆ ತೀರ್ಪಿನಲ್ಲಿದೆ. ಸ್ವೀಡನ್ನಿನ ಜಿಲ್ಲಾ ಅಧಿಕಾರಿ ಹಿಡಿದ ತಕ್ಕಡಿಗೂ ಇದಕ್ಕೂ ದೂರವೇನಿಲ್ಲ. ವ್ಯತ್ಯಾಸ ಇಷ್ಟೇ: ಅಲ್ಲಿ ತೂಗುತ್ತಿದ್ದುದು ಕ್ಯಾಮೆರಾ ಹಾಕುವ ಮುನ್ನ, ಇಲ್ಲಿ ಹಾಕಿದ ಮೇಲೆ, ಯಾರಾದರೂ ನೊಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರೆ.

2025ರ ಏಪ್ರಿಲ್‌ನಲ್ಲಿ ಭಾರತದಲ್ಲೂ ಒಂದು ಹೊಸ ನಿಯಮ ಕಡ್ಡಾಯವಾಯಿತು. ಇಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಭದ್ರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಹೊರಗಿನವರು ಕದ್ದು ಒಳನುಸುಳದಂತೆ ಯಂತ್ರ ಗಟ್ಟಿಯಾಗಿದೆಯೇ ಎಂಬುದನ್ನು ಈ ಪರೀಕ್ಷೆ ನೋಡುತ್ತದೆ. ಬೇಕಾದ ನಿಯಮವೇ. ಆದರೆ ಅದು ಕ್ಯಾಮೆರಾವನ್ನು ಪರೀಕ್ಷಿಸುತ್ತದೆ, ಅದನ್ನು ಎಲ್ಲಿಗೆ ತಿರುಗಿಸಿದ್ದಾರೆ ಎಂಬುದನ್ನಲ್ಲ.

ಇತಿಹಾಸದ ವಿದ್ಯಾರ್ಥಿಗಳು ಕಡತಗಳನ್ನು ನಂಬಿ ಬದುಕುವವರು. ಇನ್ನು ಐವತ್ತು ವರ್ಷಗಳ ನಂತರ ಸ್ವೀಡನ್ನಿನ ಒಂದು ಚೌಕದಲ್ಲಿ 1990ರ ದಶಕದಲ್ಲಿ ಕ್ಯಾಮೆರಾ ಏಕೆ ಬಂತು ಎಂದು ಕೇಳುವವರಿಗೆ ಅರ್ಜಿ, ಪೌರಾಡಳಿತದ ಅಭಿಪ್ರಾಯ, ಷರತ್ತುಗಳು ಸಿಗಬಹುದು. ನಮ್ಮ ಬಸ್ ನಿಲ್ದಾಣದ ಕ್ಯಾಮೆರಾದ ಬಗ್ಗೆ ಅದೇ ಪ್ರಶ್ನೆ ಕೇಳಿದರೆ, ಕಾನೂನು ಹೇಳಿತ್ತು ಎಂಬ ಒಂದು ಸಾಲಿಗಿಂತ ಹೆಚ್ಚು ಸಿಗುವುದು ಅನುಮಾನ. ಕಾನೂನು ಇಡಲು ಹೇಳಿದ್ದು 30 ದಿನದ ದೃಶ್ಯವನ್ನು; ಕಾರಣವನ್ನಲ್ಲ. ಹಳೆಯ ಪರವಾನಗಿ ಪದ್ಧತಿಯನ್ನೇ ಇಲ್ಲಿ ತರಬೇಕೆಂದಿಲ್ಲ. ‘ನೀವು ಕಣ್ಗಾವಲಿನಲ್ಲಿದ್ದೀರಿ’ ಎಂಬ ಬರಹದ ಕೆಳಗೆ ಯಾರು ನೋಡುತ್ತಾರೆ, ಏಕೆ, ಎಷ್ಟು ದಿನ ಇಡುತ್ತಾರೆ ಎಂಬ ಮೂರು ಸಾಲು ಬರೆಯಲು ಯಾವ ಅಧಿಕಾರಿಯ ಸಹಿಯೂ ಬೇಕಿಲ್ಲ.