ದಿನ ತುಂಬದ ಮಗು ಮತ್ತು ಮೂರು ದಿನದ ಉಪವಾಸ

ಮದುವೆಯಾಗಿ ಆರೇ ತಿಂಗಳಿಗೆ ಹೆತ್ತ ಮಹಿಳೆಯೊಬ್ಬರ ಮೇಲೆ ವ್ಯಭಿಚಾರದ ಆರೋಪ ಬಂದ ಪ್ರಕರಣವೊಂದನ್ನು ತಫ್ಸೀರ್ ಗ್ರಂಥಗಳು ಹೇಳುತ್ತವೆ. ಕೆಲವು ವರದಿಗಳ ಪ್ರಕಾರ ಅದು ಖಲೀಫಾ ಉಮರ್(ರ)ರ ಕಾಲದ್ದು, ಇನ್ನು ಕೆಲವುಗಳ ಪ್ರಕಾರ ಉಸ್ಮಾನ್(ರ)ರ ಕಾಲದ್ದು. ಶಿಕ್ಷೆಯ ಮಾತು ಬಂದಾಗ ಅಲಿ(ರ) ಆಕ್ಷೇಪವೆತ್ತಿದರು. ಗರ್ಭ ಮತ್ತು ಮೊಲೆ ಬಿಡಿಸುವ ಅವಧಿ ಸೇರಿ ಮೂವತ್ತು ತಿಂಗಳೆಂದು ಅಲ್ ಅಹ್ಕಾಫ್ ಅಧ್ಯಾಯದಲ್ಲಿದೆ. ಹಾಲುಣಿಸುವ ಪೂರ್ಣಾವಧಿ ಎರಡು ವರ್ಷವೆಂದು ಅಲ್ ಬಕರದಲ್ಲಿದೆ. ಕಳೆದರೆ ಉಳಿಯುವುದು ಆರು ತಿಂಗಳು. ಗರ್ಭದ ಕನಿಷ್ಠ ಅವಧಿ ಇಷ್ಟೇ ಎಂದು ಫಿಕ್ಹ್ ಪಂಡಿತರು ಒಪ್ಪಿದರು.

ತಾಯಿಯ ಮಾನಕ್ಕೆ ಹೀಗೊಂದು ಆಸರೆ ಸಿಕ್ಕಿತು. ಆದರೆ ಅಂಥ ಮಗುವನ್ನು ಬದುಕಿಸಿ ಬೆಳೆಸುವುದು ಹೇಗೆಂದು ಆಸ್ಪತ್ರೆಗಳು ಗಂಭೀರವಾಗಿ ಯೋಚಿಸಿದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ, ಪ್ಯಾರಿಸ್‌ನಲ್ಲಿ. ಪ್ರಸೂತಿ ತಜ್ಞ ಸ್ಟೆಫಾನ್ ತಾರ್ನಿಯೆ ಮೃಗಾಲಯದಲ್ಲಿ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಅಂಥದ್ದೇ ಒಂದನ್ನು ಶಿಶುಗಳಿಗಾಗಿ ಮಾಡಿಸಿದರು. ಎರಡು ಕಿಲೋಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಸಾವಿನ ಪ್ರಮಾಣ ಶೇ. 66ರಿಂದ ಶೇ. 38ಕ್ಕೆ ಇಳಿಯಿತು. ಹೀರಲಾಗದ ಮಗುವಿಗೆ ನಳಿಕೆಯ ಮೂಲಕ ಹಾಲು ಹಾಕುವುದನ್ನೂ ಅವರು ರೂಢಿಗೆ ತಂದರು. ಅವರ ಶಿಷ್ಯ ಪಿಯೆರ್ ಬುದಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಾಯಿಯನ್ನು ಮಗುವಿನ ಬಳಿಯೇ ಇರಿಸಿಕೊಂಡು ಎದೆಹಾಲು ಕೊಡಿಸಿದರು.

ಇಷ್ಟು ತಿಳಿದ ಮೇಲೂ ವೈದ್ಯಲೋಕ ಹಿಂದಕ್ಕೆ ನಡೆದದ್ದು ವಿಚಿತ್ರ. 1940 ಮತ್ತು 50ರ ದಶಕಗಳಲ್ಲಿ ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ದಿನ ತುಂಬದ ಶಿಶುವಿಗೆ ಕೆಲವೊಮ್ಮೆ ಮೂರು ದಿನಗಳವರೆಗೂ ಏನನ್ನೂ ಕೊಡುತ್ತಿರಲಿಲ್ಲ. ಹಾಲು ಶ್ವಾಸಕೋಶಕ್ಕೆ ಇಳಿದೀತೆಂಬ ಭಯ ಒಂದು. ಶರೀರದಲ್ಲಿ ಮೊದಲೇ ನೀರು ತುಂಬಿಕೊಂಡಿದೆ, ಅದು ಇಳಿಯಲಿ ಎಂಬ ತರ್ಕ ಇನ್ನೊಂದು. ಭಯ ಪೂರ್ತಿ ಆಧಾರರಹಿತವಾಗಿರಲಿಲ್ಲ ಎನ್ನಬೇಕು. ಆದರೆ ಉಪವಾಸ ಬಿದ್ದವರು ಯಾರು? ಗರ್ಭದ ಕೊನೆಯ ಮೂರು ತಿಂಗಳಲ್ಲೇ ಮಗು ಕೊಬ್ಬನ್ನೂ, ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನನ್ನೂ, ಕಬ್ಬಿಣ ಮತ್ತು ಸುಣ್ಣದ ಅಂಶವನ್ನೂ ಕೂಡಿಡುವುದು. ಒಂದು ಕಿಲೋ ತೂಕದ ಮಗುವಿನಲ್ಲಿ ಕೊಬ್ಬು ನೂರಕ್ಕೆ ಒಂದು ಪಾಲಿನಷ್ಟೇ. ಬುತ್ತಿ ಕಟ್ಟುವ ಮೊದಲೇ ಪ್ರಯಾಣ ಹೊರಟ ಜೀವ ಅದು. ಹಸಿವಿನಿಂದ ರಕ್ತದ ಸಕ್ಕರೆ ಕುಸಿಯಿತು, ಕಾಮಾಲೆ ಏರಿತು. ಬದುಕುಳಿದ ಕೆಲವು ಮಕ್ಕಳ ಕೈಕಾಲುಗಳ ಸೆಡೆತಕ್ಕೂ ಈ ಉಪವಾಸಕ್ಕೂ ನಂಟಿರಬಹುದೆಂಬ ಶಂಕೆ ಮುಂದೆ ಮೂಡಿತು.

1964ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ವೈದ್ಯೆಯರು, ವಿಕ್ಟೋರಿಯಾ ಸ್ಮಾಲ್‌ಪೀಸ್ ಮತ್ತು ಪಮೇಲಾ ಡೇವಿಸ್, ಇಂಥ ಶಿಶುಗಳಿಗೆ ತಡಮಾಡದೆ, ನೀರು ಬೆರೆಸದ ಎದೆಹಾಲನ್ನೇ ಕೊಟ್ಟ ಅನುಭವವನ್ನು ಪ್ರಕಟಿಸಿದರು. ಉಪವಾಸದ ಪದ್ಧತಿ ಕ್ರಮೇಣ ಕಳಚಿತು. ಮಕ್ಕಳು ಉಳಿಯತೊಡಗಿದಂತೆ ಹೊಸ ಪ್ರಶ್ನೆ ಎದುರಾಯಿತು: ಇವರು ದೊಡ್ಡವರಾದ ಮೇಲೆ ಹೇಗಿರುತ್ತಾರೆ? ಅವಧಿಗೆ ಬಹಳ ಮುಂಚೆ ಹುಟ್ಟಿದ ಮಕ್ಕಳಲ್ಲಿ ನಾಲ್ಕರಿಂದ ಹತ್ತು ವರ್ಷದ ವಯಸ್ಸಿನಲ್ಲೇ ಇನ್ಸುಲಿನ್‌ಗೆ ಶರೀರ ಸ್ಪಂದಿಸುವುದು ಕಡಿಮೆಯಾಗಿರುವುದನ್ನು ನ್ಯೂಜಿಲೆಂಡ್‌ನ ಸಂಶೋಧಕರು 2004ರಲ್ಲಿ ತೋರಿಸಿದರು. ಬೇಗ ಮೈ ತುಂಬಿಸಿದರೆ ಮೆದುಳಿಗೆ ಒಳ್ಳೆಯದು, ಆದರೆ ಏರಿದ ತೂಕವೆಲ್ಲ ಕೊಬ್ಬೇ ಆದರೆ ಮುಂದೆ ಸಕ್ಕರೆ ಕಾಯಿಲೆಯ ಭಯ. ಈ ಇಕ್ಕಟ್ಟು ಇನ್ನೂ ಬಗೆಹರಿದಿಲ್ಲ.

ಈ ಸುದೀರ್ಘ ಲೆಕ್ಕಾಚಾರದಲ್ಲಿ ನಮ್ಮ ಮೈಸೂರಿಗೂ ಒಂದು ಸ್ಥಾನವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಮಿಷನ್ ಆಸ್ಪತ್ರೆಯಲ್ಲಿ 1934 ಮತ್ತು 1954ರ ನಡುವೆ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಮೀರಿದವರಲ್ಲಿ ಶೇ. 3 ಮಂದಿಗೆ. ಇವರೆಲ್ಲ ದಿನ ತುಂಬದೆ ಹುಟ್ಟಿದವರಲ್ಲ, ಸಣ್ಣದಾಗಿ ಹುಟ್ಟಿದವರೂ ಇದ್ದರು; ಎರಡೂ ಒಂದೇ ಅಲ್ಲ. ಆದರೆ ಆ ಅಧ್ಯಯನ ಸಾಧ್ಯವಾದದ್ದು ಆಸ್ಪತ್ರೆಯ ಹಳೆಯ ರಿಜಿಸ್ಟರ್‌ಗಳಿಂದ. ಅವುಗಳಲ್ಲಿ ಪ್ರತಿ ಮಗುವಿನ ತೂಕದ ಜೊತೆಗೆ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಬರೆದಿಡಲಾಗಿತ್ತು.