ನಾಳದಲ್ಲಿ ಗರ್ಭ: ಯಾವ ಆಪರೇಷನ್, ಯಾವಾಗ?

ಹೊಸೂರು: ಮುಟ್ಟು ತಪ್ಪಿದೆ. ಕಿಬ್ಬೊಟ್ಟೆಯ ಒಂದು ಪಕ್ಕ ನೋವು, ನಡುನಡುವೆ ಸ್ವಲ್ಪ ರಕ್ತ. ಉಷ್ಣ ಅಥವಾ ಗ್ಯಾಸ್ ಎಂದುಕೊಂಡು ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗಿದರೆ ಜೀವಕ್ಕೇ ಅಪಾಯವಾಗಬಹುದು. ಇದು ಗರ್ಭಕೋಶದ ಹೊರಗೆ ಬೆಳೆಯುತ್ತಿರುವ ಗರ್ಭವಿರಬಹುದು. ನೂರು ಗರ್ಭಗಳಲ್ಲಿ ಒಂದೆರಡು ಹೀಗಾಗುತ್ತವೆ. ಅವುಗಳಲ್ಲಿ ಶೇ. 90ಕ್ಕೂ ಹೆಚ್ಚು ನಿಲ್ಲುವುದು ಗರ್ಭನಾಳದಲ್ಲಿ.

ಈ ಗರ್ಭವನ್ನು ಗರ್ಭಕೋಶಕ್ಕೆ ಸಾಗಿಸಲು ಯಾವ ವೈದ್ಯರಿಂದಲೂ ಆಗದು. ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಸೋರುತ್ತದೆ, ಹೊರಗೆ ಅಷ್ಟಾಗಿ ಕಾಣುವುದಿಲ್ಲ. ತಲೆಸುತ್ತು, ಭುಜದ ತುದಿಯಲ್ಲಿ ನೋವು, ಮೈ ತಣ್ಣಗಾಗುವುದು ಇದರ ಸೂಚನೆ. ಕುಟುಂಬ ಯೋಜನೆ ಆಪರೇಷನ್ ಆದವರಿಗೆ ಗರ್ಭ ನಿಲ್ಲುವುದು ಅಪರೂಪ. ಆದರೆ ನಿಂತರೆ ಅದು ನಾಳದಲ್ಲಿರುವ ಸಂಭವ ಹೆಚ್ಚು.

ಆಪರೇಷನ್ ಇಲ್ಲದೆ ಆಗುತ್ತದೆಯೇ?

ಬೇಗ ಪತ್ತೆಯಾಗಿ, ನಾಳ ಒಡೆಯದೆ, ಸ್ಕ್ಯಾನ್ ಮತ್ತು ಎಚ್‌ಸಿಜಿ ರಕ್ತಪರೀಕ್ಷೆ ಅನುಕೂಲಕರವಾಗಿದ್ದರೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಸಾಕಾಗಬಹುದು. ಆದರೆ ಮತ್ತೆ ಮತ್ತೆ ರಕ್ತಪರೀಕ್ಷೆಗೆ ಬರಲೇಬೇಕು.

ಆಪರೇಷನ್ ವಿಧಗಳು

ನಾಳ ತೆಗೆಯುವುದು: ಇದಕ್ಕೆ ಸಾಲ್ಪಿಂಜೆಕ್ಟಮಿ ಎಂದು ಹೆಸರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಲಾಸನ್ ಟೈಟ್ 1883ರಲ್ಲಿ ಒಡೆದ ನಾಳಕ್ಕೆ ಆಪರೇಷನ್ ಮಾಡಿ ಮಹಿಳೆಯನ್ನು ಉಳಿಸಿದರು. ನಾಳ ಒಡೆದಿದ್ದರೆ ಅಥವಾ ತೀರಾ ಹಾಳಾಗಿದ್ದರೆ ಸಾಮಾನ್ಯವಾಗಿ ಇದೇ ದಾರಿ.

ನಾಳ ಉಳಿಸುವುದು: ಸಾಲ್ಪಿಂಗಾಸ್ಟಮಿಯಲ್ಲಿ ನಾಳವನ್ನು ಸೀಳಿ ಗರ್ಭವನ್ನಷ್ಟೇ ತೆಗೆಯುತ್ತಾರೆ. ಇನ್ನೊಂದು ನಾಳ ಸರಿಯಿಲ್ಲದಿದ್ದು ಮಕ್ಕಳು ಬೇಕಿದ್ದರೆ ಇದನ್ನು ಯೋಚಿಸುತ್ತಾರೆ. ಗರ್ಭದ ಅಂಶ ಉಳಿದುಬಿಡಬಹುದಾದ್ದರಿಂದ ಎಚ್‌ಸಿಜಿ ಪೂರ್ತಿ ಇಳಿಯುವವರೆಗೆ ಪರೀಕ್ಷೆ ತಪ್ಪಿಸುವಂತಿಲ್ಲ.

ಇನ್ನೊಂದು ನಾಳ ಸರಿಯಿದ್ದ 446 ಮಹಿಳೆಯರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷದೊಳಗೆ ಸಹಜವಾಗಿ ಮತ್ತೆ ಗರ್ಭ ಧರಿಸಿದವರು ನಾಳ ಉಳಿಸಿದವರಲ್ಲಿ ಶೇ. 60.7, ತೆಗೆದವರಲ್ಲಿ ಶೇ. 56.2. ಇದು ಗಣನೀಯ ವ್ಯತ್ಯಾಸವಲ್ಲ ಎಂದು ಅಧ್ಯಯನ ಹೇಳಿತು. ಹಾಗಾಗಿ ಒಂದು ನಾಳ ಹೋಯಿತೆಂದು ಸೊಸೆಯನ್ನು ಬಂಜೆ ಎನ್ನುವುದು ತಪ್ಪು.

ಲ್ಯಾಪರೋಸ್ಕೋಪಿಯೇ, ಹೊಟ್ಟೆ ಕೊಯ್ಯುವುದೇ?

ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಆದರೆ ರಕ್ತ ತುಂಬಾ ಹೋಗಿ ಬಿಪಿ ಕುಸಿದಿದ್ದರೆ ಹೊಟ್ಟೆ ತೆರೆದು ರಕ್ತ ನಿಲ್ಲಿಸುವುದೇ ಹಲವೊಮ್ಮೆ ಶೀಘ್ರದ ಮಾರ್ಗ. ಆಗ ಲ್ಯಾಪರೋಸ್ಕೋಪಿಗೆಂದೇ ಅತ್ತಿಬೆಲೆ ದಾಟಿ ಬೆಂಗಳೂರಿಗೆ ಓಡುತ್ತಾ ಹೊತ್ತು ಕಳೆಯಬಾರದು. ರಕ್ತ, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರ್ ಇರುವ ಹತ್ತಿರದ ಆಸ್ಪತ್ರೆಗೇ ಹೋಗಬೇಕು. ಗಡಿಯ ಎರಡೂ ಕಡೆ ಆಂಬುಲೆನ್ಸ್ ಸಂಖ್ಯೆ 108. ಕೃಷ್ಣಗಿರಿಯಲ್ಲಿ 2022ರಿಂದ ಸರ್ಕಾರಿ ಮೆಡಿಕಲ್ ಕಾಲೇಜೂ ಇದೆ.

ನೆನಪಿಡಿ

* ಹಳೆಯ ಸ್ಕ್ಯಾನ್ ವರದಿ, ರಕ್ತದ ಗುಂಪಿನ ಚೀಟಿ ಜೊತೆಗಿರಲಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಚುಚ್ಚುಮದ್ದಿನ ಬಗ್ಗೆ ಕೇಳಿ.
* ಆಪರೇಷನ್‌ನಲ್ಲಿ ಏನು ಮಾಡಿದರು, ಇನ್ನೊಂದು ನಾಳ ಹೇಗಿದೆ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ತಮಿಳೋ ಕನ್ನಡವೋ, ತಿಳಿಯುವ ಭಾಷೆಯಲ್ಲಿ ವಿವರಿಸಲು ಹೇಳಿ.
* ಮತ್ತೆ ಹೀಗಾಗುವ ಸಂಭವ ಸುಮಾರು ಶೇ. 10. ಮುಂದೆ ಮುಟ್ಟು ನಿಂತ ಕೂಡಲೇ ವೈದ್ಯರನ್ನು ಕಂಡು, ಆರೇಳು ವಾರದಲ್ಲಿ ಸ್ಕ್ಯಾನ್ ಮಾಡಿಸಿ ಗರ್ಭ ಎಲ್ಲಿದೆಯೆಂದು ಖಚಿತಪಡಿಸಿಕೊಳ್ಳಬೇಕು.