ನಾಯಿಗಳಲ್ಲಿ ಮೂತ್ರಕಲ್ಲು: ಕಾರಣ ಮತ್ತು ಚಿಕಿತ್ಸೆ

ಸಾಕುನಾಯಿ ಪದೇ ಪದೇ ಕುಳಿತು ತಿಣುಕುತ್ತಿದ್ದರೆ ಮಲಬದ್ಧತೆ ಎಂದು ಭಾವಿಸಿ ಮನೆಮದ್ದಿಗೆ ಮೊರೆಹೋಗುವವರೇ ಹೆಚ್ಚು. ಆದರೆ ಅದು ಮೂತ್ರನಾಳದಲ್ಲಿ ಕಲ್ಲು ಸಿಲುಕಿರುವ ಸೂಚನೆಯೂ ಆಗಿರಬಹುದು. ಮೂತ್ರ ಸಂಪೂರ್ಣವಾಗಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಪ್ರಮಾಣ ಏರಿ ಹೃದಯ ಸ್ತಬ್ಧವಾಗುವ, ಮೂತ್ರಕೋಶ ಒಡೆಯುವ ಅಪಾಯವಿದೆ. ಬೆಳಗಾಗಲಿ ಎಂದು ಕಾಯುವಂಥ ಕಾಯಿಲೆ ಇದಲ್ಲ.

ಗಂಡು ನಾಯಿಗಳಿಗೆ ಈ ಅಪಾಯ ಅಧಿಕ. ಅವುಗಳ ಜನನಾಂಗದಲ್ಲಿ ಸಣ್ಣ ಮೂಳೆಯೊಂದಿದ್ದು, ಮೂತ್ರನಾಳವು ಅದರ ಇಕ್ಕಟ್ಟಾದ ತೋಡಿನಲ್ಲಿ ಹಾದುಹೋಗುತ್ತದೆ. ಕಲ್ಲುಗಳು ಸಾಮಾನ್ಯವಾಗಿ ಸಿಲುಕುವುದು ಈ ಮೂಳೆಯ ಹಿಂದೆಯೇ.

ಕಾರಣಗಳೇನು?

ಎಲ್ಲ ಕಲ್ಲುಗಳೂ ಒಂದೇ ಬಗೆಯವಲ್ಲ. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್‌ಗಳಿಂದಾದ 'ಸ್ಟ್ರುವೈಟ್' ಕಲ್ಲಿಗೆ ಬಹುತೇಕ ಮೂತ್ರದ ಸೋಂಕೇ ಕಾರಣ. ಬ್ಯಾಕ್ಟೀರಿಯಾಗಳು ಯೂರಿಯಾವನ್ನು ವಿಭಜಿಸಿದಾಗ ಮೂತ್ರ ಕ್ಷಾರೀಯವಾಗಿ ಕಲ್ಲು ಕಟ್ಟುತ್ತದೆ. ಹೆಣ್ಣು ನಾಯಿಗಳಲ್ಲಿ ಇದು ಹೆಚ್ಚು. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಷಿಟ್ಸು, ಲಾಸಾ ಆಪ್ಸೊ ಮುಂತಾದ ಸಣ್ಣ ತಳಿಗಳಲ್ಲಿ, ಅದರಲ್ಲೂ ಗಂಡುಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಡಾಲ್ಮೇಷಿಯನ್ ತಳಿಯದು ವಂಶವಾಹಿ ದೋಷ. ಅವುಗಳ ಮೂತ್ರದಲ್ಲಿ ಯೂರಿಕ್ ಆಮ್ಲ ಅಧಿಕವಾಗಿದ್ದು ಯುರೇಟ್ ಕಲ್ಲು ಉಂಟಾಗುತ್ತದೆ. ಇದಕ್ಕೆ ಕಾರಣವಾದ ಜೀನ್ 2008ರಲ್ಲಿ ಪತ್ತೆಯಾಯಿತು.

ಪತ್ತೆ ಹೇಗೆ?

ಮೂತ್ರದಲ್ಲಿ ರಕ್ತ, ಹನಿ ಹನಿಯಾಗಿ ವಿಸರ್ಜನೆ, ಮನೆಯೊಳಗೇ ಮೂತ್ರ ಮಾಡುವುದು ಮುಖ್ಯ ಲಕ್ಷಣಗಳು. ಸ್ಟ್ರುವೈಟ್ ಮತ್ತು ಆಕ್ಸಲೇಟ್ ಕಲ್ಲುಗಳು ಎಕ್ಸ್‌-ರೇಯಲ್ಲಿ ಗೋಚರಿಸುತ್ತವೆ. ಯುರೇಟ್ ಕಲ್ಲು ಎಕ್ಸ್‌-ರೇಯ ಕಣ್ಣು ತಪ್ಪಿಸಬಹುದಾದ್ದರಿಂದ ಅಲ್ಟ್ರಾಸೌಂಡ್ ಅಗತ್ಯ.

ಚಿಕಿತ್ಸೆ

ಮೂತ್ರ ಕಟ್ಟಿದ್ದರೆ ಪಶುವೈದ್ಯರು ಕೊಳವೆ ತೂರಿಸಿ, ಲವಣಜಲದ ಒತ್ತಡದಿಂದ ಕಲ್ಲನ್ನು ಮೂತ್ರಕೋಶಕ್ಕೆ ಹಿಂದೂಡುತ್ತಾರೆ. ಮುಂದಿನ ಚಿಕಿತ್ಸೆ ಕಲ್ಲಿನ ಬಗೆಯನ್ನು ಅವಲಂಬಿಸಿದೆ. ಸ್ಟ್ರುವೈಟ್ ಕಲ್ಲನ್ನು ಆಂಟಿಬಯೋಟಿಕ್ ಹಾಗೂ ವಿಶೇಷ ಆಹಾರದಿಂದ ಕೆಲವು ವಾರಗಳಲ್ಲಿ ಕರಗಿಸಬಹುದು. ಯುರೇಟ್‌ಗೆ ಪ್ಯೂರಿನ್ ಅಂಶ ಕಡಿಮೆಯಿರುವ ಆಹಾರ ಮತ್ತು ಅಲೋಪ್ಯೂರಿನಾಲ್ ಔಷಧ ಬಳಕೆಯಲ್ಲಿವೆ. ಆಕ್ಸಲೇಟ್ ಕಲ್ಲು ಯಾವ ಆಹಾರಕ್ಕೂ ಕರಗದು. ತೊಂದರೆ ಕೊಡುತ್ತಿದ್ದರೆ ಶಸ್ತ್ರಚಿಕಿತ್ಸೆ ಅಥವಾ ಇತರ ವಿಧಾನದಿಂದ ಹೊರತೆಗೆಯಬೇಕಾಗುತ್ತದೆ. ಕಲ್ಲು ಕರಗಲೆಂದು ಬಾಳೆದಿಂಡಿನ ರಸವನ್ನೇ ನಂಬಿ ಕೂರುವುದಾಗಲೀ, ಮೂತ್ರ ಕಟ್ಟಿದ ನಾಯಿಗೆ ಬಲವಂತದಿಂದ ನೀರು ಕುಡಿಸುವುದಾಗಲೀ ಸಲ್ಲದು. ಮನುಷ್ಯರ ನೋವುನಿವಾರಕ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು.

ಮರುಕಳಿಸದಂತೆ ಎಚ್ಚರ

ಹೊರತೆಗೆದ ಕಲ್ಲನ್ನು ಎಸೆಯದೆ ಪ್ರಯೋಗಾಲಯಕ್ಕೆ ಕಳುಹಿಸುವುದು ಅತಿಮುಖ್ಯ. ಒಂದು ಬಗೆಯ ಕಲ್ಲನ್ನು ತಡೆಯುವ ಆಹಾರ ಇನ್ನೊಂದು ಬಗೆಗೆ ಪೂರಕವಾಗಬಹುದು. ನಾಯಿ ಹೆಚ್ಚು ನೀರು ಕುಡಿಯುವಂತೆ ನೋಡಿಕೊಳ್ಳಬೇಕು. ಒಣ ಆಹಾರಕ್ಕೆ ನೀರು ಬೆರೆಸಿ ಕೊಡಬಹುದು. ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಿಗ್ಗೆ, ಸಂಜೆ ಮಾತ್ರ ಹೊರಗೆ ಕರೆದೊಯ್ಯುವ ರೂಢಿಯಿದೆ. ಮೂತ್ರವನ್ನು ಬಹಳ ಹೊತ್ತು ತಡೆಹಿಡಿದಷ್ಟೂ ಕಲ್ಲು ಕಟ್ಟಲು ಅವಕಾಶ ಹೆಚ್ಚು ಎಂಬುದನ್ನು ಸಾಕುವವರು ಮರೆಯಬಾರದು.